ವಾಪಸು ಬಂದ ಹಾಲು

ಪುಟ್ಟತಾಯಮ್ಮನ ಎರಡು ಮಂಡಿಯೂ ಹಿಡಿದುಕೊಂಡು ಅವಳು ನೆಲದಿಂದ ಏಳಲಾರದೆ ಹೋದ ದಿನ, ಸೊಸೆ ಪ್ರಮೀಳಾ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು. ಅತ್ತೆಯ ಕಾಲು ಬೇಗ ವಾಸಿಯಾಗಲೆಂದು ಹರಕೆ ಹೊತ್ತಿದ್ದಾಳೆ ಎಂದು ಗಂಡ ರವೀಂದ್ರ ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದುಕೊಂಡಳು ಪ್ರಮೀಳಾ.

ಈ ದಿನಕ್ಕಾಗಿ ಅವಳು ಹದಿಮೂರು ವರ್ಷ ಕಾದಿದ್ದಳು. ಅತ್ತೆ ಸಾಯಲಿ ಎಂದಲ್ಲ. ಸತ್ತುಹೋದರೆ ಆಮೇಲೆ ಯಾರನ್ನು ಕೇಳುವುದು? ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ಸಾಲು ನಿಂತ ಹೆಂಗಸರ ಎದುರಿಗೆ, ಪ್ರಮೀಳಾಳ ಕೈಗೆ ಬಂದದ್ದು ನಿಜವಾದ ನೋವು, ಮೈಗಳ್ಳತನವಲ್ಲ ಎಂದು ಪುಟ್ಟತಾಯಮ್ಮ ತನ್ನ ಬಾಯಿಂದಲೇ ಹೇಳಬೇಕು. ಅಷ್ಟು ಹೇಳಿಸಿಕೊಳ್ಳದೆ ಈ ಮನೆಯಲ್ಲಿ ತಾನು ಕಣ್ಣು ಮುಚ್ಚುವುದಿಲ್ಲ, ಅವಳಿಗೂ ಮುಚ್ಚಲು ಬಿಡುವುದಿಲ್ಲ ಎಂದು ಪ್ರಮೀಳಾ ಆಣೆ ಮಾಡಿಕೊಂಡಿದ್ದಳು.

ಅವಳು ಗೋವಿಂದನಹಳ್ಳಿಯ ಹೆಣ್ಣು. ಹೊಣಕೆರೆ ಪಕ್ಕದ ಈ ಕೊಪ್ಪಲಿಗೆ ಸೊಸೆಯಾಗಿ ಬಂದಾಗ ಕೊಟ್ಟಿಗೆಯಲ್ಲಿ ಮೂರು ಸೀಮೆಹಸುಗಳಿದ್ದವು. ಹಾಲು ಕರೆಯುವುದನ್ನು ಅತ್ತೆಯೇ ಕೂರಿಸಿಕೊಂಡು ಕಲಿಸಿದಳು. ಹೆಬ್ಬೆರಳನ್ನು ಒಳಕ್ಕೆ ಮಡಿಚಿ, ಅದರ ಗೆಣ್ಣಿನ ಮೇಲೆ ಮೊಲೆಯನ್ನು ಒತ್ತಿ ಎಳೆಯಬೇಕು. ಹಾಗೆ ಕರೆದರೆ ನೊರೆ ಏಳುತ್ತದೆ, ಹೊತ್ತು ಉಳಿಯುತ್ತದೆ. ಆ ಮನೆಯ ಹೆಂಗಸರು ಕರೆಯುತ್ತಿದ್ದದ್ದೇ ಹಾಗೆ, ಅವರ ಹೆಬ್ಬೆರಳುಗಳು ಮುದಿವಯಸ್ಸಿಗೆ ಮೊದಲೇ ಗಂಟುಕಟ್ಟುತ್ತಿದ್ದದ್ದೂ ಹಾಗೆಯೇ. ಯಾರೂ ಒಂದನ್ನು ಇನ್ನೊಂದಕ್ಕೆ ಹೊಂದಿಸಿ ನೋಡಿರಲಿಲ್ಲ.

ಮಗಳು ಮೇಘನ ಹುಟ್ಟಿ ಆರು ತಿಂಗಳಾಗಿರಬಹುದು, ಪ್ರಮೀಳಾಳಿಗೆ ಬೆಳಗ್ಗೆ ಎದ್ದರೆ ಬೆರಳು ಮಡಚಲು ಬಾರದಾಯಿತು. ಗೆಣ್ಣುಗಳು ಊದಿಕೊಂಡು ಬಿಸಿಯಾಗಿರುತ್ತಿದ್ದವು. ಮಗುವಿನ ಅಂಗಿಯ ದಾರ ಬಿಚ್ಚಬೇಕಾದರೂ ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾಗಿತ್ತು. ಹೊತ್ತೇರಿ ಬಿಸಿಲು ಬಂದ ಮೇಲೆ ಕೈ ಒಂದಿಷ್ಟು ಸಡಿಲವಾಗುತ್ತಿತ್ತು. ಅವಳ ಕೇಡಿಗೆ ಅದೇ ಕಾರಣವಾಯಿತು.

"ಆಲು ಕರಿಯೋ ಒತ್ಗೆ ಇಡ್ಕತದೆ, ಉಣ್ಣೋ ಒತ್ಗೆ ಬುಡ್ತದೆ. ಭಾರಿ ಚೆಂದಾಗದೆ ನಿನ್ ನೋವು" ಎಂದಳು ಪುಟ್ಟತಾಯಮ್ಮ.

ತವರಿಗೆ ಹೋಗಿದ್ದಾಗ ತಾಯಿ ಸುಮ್ಮನಿರಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ರಕ್ತ ತೆಗೆಸಿ ನೋಡಿ, ಇದು ಕೀಲುವಾತ, ಚಿಕ್ಕ ವಯಸ್ಸಿನ ಹೆಂಗಸರಿಗೇ ಹೆಚ್ಚು ಬರುತ್ತದೆ, ಬಾಣಂತನದ ಬೆನ್ನಿಗೇ ಬರುವುದೂ ಉಂಟು ಎಂದು ತಿಳಿಸಿದರು. ವಾರಕ್ಕೆ ಒಂದೇ ದಿನ ನುಂಗುವ ಹಳದಿ ಮಾತ್ರೆ ಬರೆದುಕೊಟ್ಟು, ಮಗುವಿಗೆ ಮೊಲೆಹಾಲು ಬಿಡಿಸಿ ಶುರುಮಾಡು, ಒಮ್ಮೆ ಶುರುಮಾಡಿದರೆ ಯಾರು ಏನೆಂದರೂ ನಮ್ಮನ್ನು ಕೇಳದೆ ನಿಲ್ಲಿಸಬೇಡ ಎಂದರು. ಹಚ್ಚಿಕೊಳ್ಳಲು ಒಂದು ಮುಲಾಮನ್ನೂ ಕೊಟ್ಟರು. ಪ್ರಮೀಳಾ ಮಾತ್ರೆಯ ಪೊಟ್ಟಣವನ್ನು ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಗಂಡನ ಮನೆಗೆ ಬಂದಳು.

ಬಂದು ಹದಿನೈದು ದಿನವಾಗಿರಲಿಲ್ಲ. ಒಂದು ಚಳಿಯ ಬೆಳಗ್ಗೆ ಬೆರಳುಗಳು ಮರದ ತುಂಡಿನಂತೆ ಬಿಗಿದುಕೊಂಡಿದ್ದವು. ಅವಳು ಮುಲಾಮು ಹಚ್ಚಿ ತಿಕ್ಕಿಕೊಂಡಳು, ಹೊತ್ತಾಯಿತೆಂಬ ಗಾಬರಿಯಲ್ಲಿ ಕೈತೊಳೆಯದೆ ಹೋಗಿ ಕರೆಯಲು ಕೂತಳು. ಹಸು ಎರಡು ಸಲ ಕಾಲು ಝಾಡಿಸಿತು. ಮೊಲೆ ಉರಿಯುತ್ತಿದೆ ಎಂದು ಅದು ಹೇಳುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಡೈರಿಯ ಸೆಕ್ರೆಟರಿ ಧರ್ಮೇಂದ್ರ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಅಳತೆಗೆ ಹಾಕುವ ಮೊದಲು ಪ್ರತಿಯೊಬ್ಬರ ಕ್ಯಾನಿಗೂ ಮೂಗಿಟ್ಟು ನೋಡುವುದು ಅವನ ಕ್ರಮ, ಇವತ್ತಿಗೂ ಹಾಗೆಯೇ. ಅವನ ಮೂಗನ್ನು ದಾಟಿ ಹುಳಿ ಹಾಲಾಗಲಿ ಹೊಗೆ ಕುಡಿದ ಹಾಲಾಗಲಿ ಒಳಗೆ ಹೋದದ್ದಿಲ್ಲ. ಅವತ್ತು ಅವನು ಕ್ಯಾನಿನ ಮುಚ್ಚಳ ತೆಗೆದು, ಮುಖ ಹಿಂದಕ್ಕೆ ಎಳೆದುಕೊಂಡು, ಹಾಲಿನಲ್ಲಿ ಮುಲಾಮಿನ ವಾಸನೆ ಇದೆ, ವಾಪಸು ತಗೊಂಡು ಹೋಗಿ ಎಂದ. ಆ ಮನೆಯ ಹಾಲು ವಾಪಸು ಬಂದದ್ದು ಅದೇ ಮೊದಲು.

ಪುಟ್ಟತಾಯಮ್ಮನಿಗೆ ಮೈಯೆಲ್ಲಾ ಬೆಂಕಿಯಾಯಿತು. ಸಾಲಿನಲ್ಲಿದ್ದ ಹೆಂಗಸರ ಕಡೆಗೆ ತಿರುಗಿ, ತನ್ನ ಮನೆಗೆ ಸೊಸೆ ಬಂದಿಲ್ಲ, ಮೈಗಳ್ಳಿ ಬಂದಿದ್ದಾಳೆ, ಹಾಲು ಕರೆಯುವುದನ್ನು ತಪ್ಪಿಸಿಕೊಳ್ಳಲು ಕೈಗೆ ಮುಲಾಮು ಬಳಿದುಕೊಂಡು ನಾಟಕ ಆಡುತ್ತಾಳೆ ಎಂದು ಬಾಯಿಗೆ ಬಂದಂತೆ ಅಂದಳು. ಆಮೇಲೆ ಆ ಕ್ಯಾನನ್ನು ಪ್ರಮೀಳಾಳ ತಲೆಯ ಮೇಲಿಟ್ಟು ಊರಿನ ಉದ್ದ ಬೀದಿಯಲ್ಲಿ ನಡೆಸಿಕೊಂಡು ಬಂದಳು. ಮನೆಗೆ ಬಂದವಳೇ ಹಾಲನ್ನು ತಿಪ್ಪೆಗೆ ಸುರಿದಳು. ಮುಲಾಮನ್ನು ಅದರ ಮೇಲೆ ಎಸೆದಳು. ಪೆಟ್ಟಿಗೆ ತೆರೆದು, ಸೀರೆಯ ಮಡಿಕೆ ಬಿಡಿಸಿ, ಹಳದಿ ಮಾತ್ರೆಯನ್ನು ಹುಡುಕಿ ತೆಗೆದು ಅದನ್ನೂ ಎಸೆದಳು. ರವೀಂದ್ರ ಅಲ್ಲೇ ನಿಂತಿದ್ದ. ಅವ್ವನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಅವತ್ತಿನಿಂದ ಡೈರಿ ಸಾಲಿನಲ್ಲಿ ಪ್ರಮೀಳಾಳ ಹೆಸರು ಮುಲಾಮಮ್ಮ ಎಂದಾಯಿತು. ಎದುರಿಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿದರೆ ಕರೆಯುತ್ತಿದ್ದರು.

ಎರಡು ವರ್ಷ ಆಸ್ಪತ್ರೆಯಿಲ್ಲ, ಮಾತ್ರೆಯಿಲ್ಲ. ಎರಡು ವರ್ಷ ಆ ಕೈಯಲ್ಲೇ ಹೊತ್ತಿಗೆ ಮೂರು ಹಸು ಕರೆದಳು. ಕೊನೆಗೆ ಅಣ್ಣ ಬಂದು ಜಗಳವಾಡಿ ಮೈಸೂರಿಗೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರು ಅವಳ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಎರಡು ವರ್ಷದ ಹಿಂದೆಯೇ ಮಾತ್ರೆ ನುಂಗಿದ್ದರೆ ಇಷ್ಟಾಗುತ್ತಿರಲಿಲ್ಲ, ಇನ್ನು ಮುಂದಕ್ಕೆ ಸೊಟ್ಟಗಾಗದಂತೆ ತಡೆಯಬಹುದು, ಆಗಿರುವುದನ್ನು ನೆಟ್ಟಗೆ ಮಾಡಲು ಔಷಧಿಯಿಲ್ಲ ಎಂದರು. ಎರಡು ವರ್ಷ ಎಂಬ ಆ ಮಾತು ಪ್ರಮೀಳಾಳ ಎದೆಯಲ್ಲಿ ಕೂತುಕೊಂಡಿತು.

ಅಲ್ಲಿಂದೀಚೆಗೆ ಅವಳು ಒಂದು ವಾರವೂ ಮಾತ್ರೆ ತಪ್ಪಿಸಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದಳು. ಬೆಳಗ್ಗೆ ಎದ್ದ ಕೂಡಲೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುವುದು, ಆಮೇಲೆ ಮೆತ್ತನೆಯ ಚೆಂಡನ್ನು ಹಿಸುಕುವುದು, ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದು. ಬಕೆಟ್ಟನ್ನು ಬೆರಳಲ್ಲಿ ಹಿಡಿಯದೆ ಮೊಣಕೈಗೆ ನೇತುಹಾಕಿಕೊಳ್ಳುತ್ತಿದ್ದಳು. ಡಬ್ಬಿಯ ಮುಚ್ಚಳವನ್ನು ಅಂಗೈ ಊರಿ ತಿರುಗಿಸುತ್ತಿದ್ದಳು. ನೋವು ಹತೋಟಿಗೆ ಬಂತು. ಹಾಲು ಕರೆಯುವ ಕೆಲಸ ಮಾತ್ರ ಆ ಕೈಯಿಂದ ಹೋಯಿತು. ಅದು ರವೀಂದ್ರನ ಪಾಲಿಗೆ ಬಂತು, ಹಬ್ಬದ ದಿನ, ನೆಂಟರ ಎದುರು ಪುಟ್ಟತಾಯಮ್ಮನ ಪಾಲಿಗೆ. ಹಸು ಕರೆಯುವುದರಲ್ಲಿ ತನ್ನನ್ನು ಮೀರಿಸುವವರು ಈ ಹೋಬಳಿಯಲ್ಲೇ ಇಲ್ಲ ಎಂಬ ಜಂಬ ಅವಳಿಗೆ.

ಈಗ ಆ ಜಂಬವನ್ನು ಹೊತ್ತಿದ್ದ ಮಂಡಿಗಳೇ ಕೈಕೊಟ್ಟವು.

ನಾಗಮಂಗಲದ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಮಂಡಿಯ ಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಇದು ಪ್ರಮೀಳಾಳಿಗೆ ಬಂದಂಥದ್ದಲ್ಲ, ವಯಸ್ಸಿನ ಸವೆತ, ತೂಕವೂ ಹೆಚ್ಚಾಗಿದೆ ಎಂದರು ಡಾಕ್ಟರು. ಆಪರೇಷನ್ನಿನ ಮಾತು ಆಮೇಲೆ, ಮೊದಲು ತೂಕ ಇಳಿಸಿ ತೊಡೆಗೆ ಬಲ ತುಂಬಬೇಕು ಎಂದರು. ವ್ಯಾಯಾಮ ಹೇಳಿಕೊಡುವ ಅರ್ಪಿತ ಎಂಬ ಹುಡುಗಿ ಒಂದು ಹಾಳೆಯ ತುಂಬ ಬರೆದುಕೊಟ್ಟಳು. ನೆಲದ ಮೇಲೆ ಕೂರಬಾರದು. ಕುಕ್ಕರಗಾಲಲ್ಲಿ ಕೂರಲೇಬಾರದು. ಕಕ್ಕಸಿಗೆ ಕುರ್ಚಿ ಹಾಕಬೇಕು. ಭಾರ ಹೊರಬಾರದು. ದಿನಕ್ಕೆ ಎರಡು ಹೊತ್ತು ವ್ಯಾಯಾಮ, ಬಿಸಿನೀರಿನ ಶಾಖ, ಸಮನಾದ ನೆಲದಲ್ಲಿ ನಡಿಗೆ. ಊಟ ಕಡಿಮೆ. ಮನೆಯವರು ಸ್ವಲ್ಪ ಕಟ್ಟುನಿಟ್ಟಾಗಿ ಇರಬೇಕಾಗುತ್ತದೆ, ಇಲ್ಲದಿದ್ದರೆ ಅಜ್ಜಿ ಮಾಡುವುದಿಲ್ಲ ಎಂದು ಅರ್ಪಿತ ನಕ್ಕಳು.

ಪ್ರಮೀಳಾ ಆ ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಇಂಥ ಆಯುಧವನ್ನು ಯಾರೋ ತಾವಾಗಿ ತನ್ನ ಕೈಗೆ ಇಡುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬೈಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ, ಉಪವಾಸ ಕೆಡವಬೇಕಾಗಿಲ್ಲ. ಬರೆದದ್ದನ್ನು ಅಕ್ಷರ ಬಿಡದೆ ಮಾಡಿದರೆ ಸಾಕು.

ಮೊದಲು ಅತ್ತೆಯ ಮಣೆ ಅಟ್ಟಕ್ಕೆ ಹೋಯಿತು. ನಲವತ್ತು ವರ್ಷ ಆ ಮಣೆಯ ಮೇಲೆ ಒಲೆಯ ಪಕ್ಕ ಕೂತು ಪುಟ್ಟತಾಯಮ್ಮ ಮನೆ ಆಳಿದ್ದಳು. ಯಾವ ಪಾತ್ರೆಗೆ ಎಷ್ಟು ಬೇಳೆ ಬಿತ್ತು, ಯಾರ ತಟ್ಟೆಗೆ ಎಷ್ಟು ತುಪ್ಪ ಹೋಯಿತು ಎಲ್ಲವೂ ಅಲ್ಲಿಂದ ಕಾಣುತ್ತಿತ್ತು. ಈಗ ಅವಳಿಗೆ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ. ಅಲ್ಲಿಂದ ಕಾಣುವುದು ಬೀದಿ ಮಾತ್ರ. ಎರಡು ಮುದ್ದೆ ಇದ್ದದ್ದು ಒಂದಾಯಿತು, ಹದಿನೈದು ದಿನಕ್ಕೆ ಅದೂ ಚಿಕ್ಕದಾಯಿತು, ಪಕ್ಕದಲ್ಲಿ ಸೊಪ್ಪು ತರಕಾರಿ ಏರಿತು. ಪುಟ್ಟತಾಯಮ್ಮ ಮಗನ ಮುಂದೆ ಗೋಳಾಡಿದಳು. ಪ್ರಮೀಳಾ ಗೋಡೆಯ ಮೇಲೆ ಅಂಟಿಸಿದ್ದ ಹಾಳೆಯನ್ನು ತೋರಿಸಿದಳು. ಆಸ್ಪತ್ರೆಯ ಹಾಳೆಗೆ ಎದುರಾಡಿಯೂ ರವೀಂದ್ರನಿಗೆ ಅಭ್ಯಾಸವಿರಲಿಲ್ಲ.

ಬೆಳಗಿನ ವ್ಯಾಯಾಮವೆಂದರೆ ಪ್ರಮೀಳಾಳಿಗೆ ಹಬ್ಬ. ಮಂಚದ ಮೇಲೆ ಅತ್ತೆಯನ್ನು ಅಂಗಾತ ಮಲಗಿಸಿ, ಮಂಡಿಯ ಕೆಳಗೆ ಟವೆಲು ಸುತ್ತಿಟ್ಟು ಒತ್ತಿಸುವುದು. ಅದಾದ ಮೇಲೆ ಕಾಲನ್ನು ನೆಟ್ಟಗೆ ಮೇಲಕ್ಕೆತ್ತಿ ಹತ್ತು ಎಣಿಸುವ ತನಕ ಹಿಡಿಯುವುದು. ಎಣಿಸುವವಳು ಪ್ರಮೀಳಾ. ಒಂದರಿಂದ ಏಳರವರೆಗೆ ಸರಿಯಾಗಿ ಎಣಿಸುತ್ತಿದ್ದಳು. ಏಳಾದ ಮೇಲೆ ಎದ್ದು ಹೋಗಿ ಒಲೆಯ ಮೇಲಿದ್ದ ಸಾರಿಗೆ ಉಪ್ಪು ಹಾಕಿ, ಕಲಸಿ, ರುಚಿ ನೋಡಿ ಬಂದು ಎಂಟು ಅನ್ನುತ್ತಿದ್ದಳು.

"ಸತ್ತೋಯ್ತೀನಿ ಕಣಮ್ಮಿ, ಬುಟ್ಬುಡು" ಎನ್ನುತ್ತಿದ್ದಳು ಪುಟ್ಟತಾಯಮ್ಮ.

"ನಾಟ್ಕ ಆಡ್ಬ್ಯಾಡಿ ಅತ್ತೆ" ಎನ್ನುತ್ತಿದ್ದಳು ಪ್ರಮೀಳಾ.

ಆ ಮಾತು ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತಿತ್ತು. ಮುದುಕಿ ಹಲ್ಲು ಕಚ್ಚಿ ಕಾಲು ಹಿಡಿಯುತ್ತಿದ್ದಳು. ಕೆಲವು ದಿನ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ನೋಡಿ ಪ್ರಮೀಳಾಳಿಗೆ ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಊರಿನವರಿಗೆ ಇದೆಲ್ಲ ಬೇರೆ ಥರ ಕಂಡಿತು. ಪಕ್ಕದ ಮನೆಯ ಸಿದ್ದಲಿಂಗಮ್ಮ ಸೋಬಾನೆ ಹಾಡುವ ಗಂಟಲಲ್ಲಿ ಇಡೀ ಬೀದಿಗೆ ಸಾರಿದಳು: ಸೊಸೆ ಅಂದರೆ ಇಂಥವಳಿರಬೇಕು, ತನಗೇ ಕೈನೋವು ಎನ್ನುತ್ತಿದ್ದರೂ ಅತ್ತೆಯ ಕಾಲು ಹಿಡಿದು ಸೇವೆ ಮಾಡುತ್ತಾಳೆ ಎಂದು. ಪ್ರಮೀಳಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮುಲಾಮಮ್ಮ ಎಂದು ಮೊದಲು ಕರೆದವಳು ಈ ಸಿದ್ದಲಿಂಗಮ್ಮನೇ ಎಂಬುದು ಅವಳಿಗೆ ಮರೆತಿರಲಿಲ್ಲ.

ಇಲ್ಲಿ ಪ್ರಮೀಳಾಳ ಲೆಕ್ಕ ಒಂದು ಕಡೆ ತಪ್ಪಿತು. ಅಕ್ಷರ ಬಿಡದೆ ಮಾಡಿದರೆ ಚಿಕಿತ್ಸೆ ಫಲ ಕೊಡುತ್ತದೆ ಎಂಬುದನ್ನು ಅವಳು ಸೇಡಿನ ಭರದಲ್ಲಿ ಮರೆತೇಬಿಟ್ಟಿದ್ದಳು. ತಿಂಗಳೊಂದು ಕಳೆಯುವಷ್ಟರಲ್ಲಿ ಪುಟ್ಟತಾಯಮ್ಮ ಗೋಡೆ ಹಿಡಿಯದೆ ಎದ್ದಳು. ಎರಡಾಗುವಷ್ಟರಲ್ಲಿ ಕೋಲು ಹಿಡಿದು ಬೀದಿಯ ಕೊನೆ ಮುಟ್ಟಿ ಬಂದಳು. ಮೂರನೇ ತಿಂಗಳಿಗೆ ತೂಕ ಏಳು ಕೇಜಿ ಇಳಿದು, ರವಿಕೆ ಸಡಿಲವಾಗಿ, ಮುಖದಲ್ಲಿ ಕಳೆ ಬಂತು. ಅರ್ಪಿತ ಚಪ್ಪಾಳೆ ತಟ್ಟಿ, ಇಷ್ಟು ಶ್ರದ್ಧೆಯಿಂದ ಮಾಡಿಸಿದವರನ್ನು ತಾನು ನೋಡೇ ಇಲ್ಲ ಎಂದು ಪ್ರಮೀಳಾಳ ಬೆನ್ನು ತಟ್ಟಿದಳು.

ಆಗಲಿ ಎಂದುಕೊಂಡಳು ಪ್ರಮೀಳಾ. ನೋವು ಏನೆಂದು ಅತ್ತೆಗೆ ಈಗ ಮೈಯಲ್ಲೇ ಗೊತ್ತಾಗಿದೆ. ಇನ್ನು ಆ ಒಂದು ಮಾತು ಹೊರಬೀಳುವುದು ತಡವಾಗಲಿಕ್ಕಿಲ್ಲ.

ಪುಟ್ಟತಾಯಮ್ಮ ತಿರುಗಿ ಡೈರಿಗೆ ನಡೆದ ದಿನ ಪ್ರಮೀಳಾ ಕ್ಯಾನನ್ನು ಮೊಣಕೈಗೆ ಹಾಕಿಕೊಂಡು ಹಿಂದೆಯೇ ಹೋದಳು. ಸಾಲಿನಲ್ಲಿದ್ದ ಹೆಂಗಸರು ಪುಟ್ಟತಾಯಮ್ಮನನ್ನು ಸುತ್ತುವರಿದರು. ಏನು ಮಾಡಿದಿರಿ, ಯಾವ ಔಷಧಿ, ಅಷ್ಟು ನೋವು ಎಲ್ಲಿ ಹೋಯಿತು ಎಂದು ಕೇಳಿದರು. ಪ್ರಮೀಳಾ ಕಿವಿ ಚಾಚಿ ನಿಂತಳು.

"ಯಾವ ನೋವವ್ವ" ಎಂದಳು ಪುಟ್ಟತಾಯಮ್ಮ, ಕೋಲನ್ನು ಒಂದು ಕಡೆಗೆ ವಾಲಿಸಿ. "ಎದ್ದು ನಡುದ್ರೆ ನೋವು ತಾನಾಗೇ ಓಯ್ತದೆ. ನೋವು ನೋವು ಅಂತ ಕುಂತ್ಕಂಡೋರ್ಗೆ ಅದು ಯಾವತ್ತೂ ಓಗಲ್ಲ. ಎಲ್ಲಾ ಮನಸ್ನಲ್ಲಿರೋದು."

ಅಷ್ಟು ಹೇಳಿ ಅವಳು ಪ್ರಮೀಳಾಳ ಕೈಗಳನ್ನು ನೋಡಿದಳು. ಹೆಂಗಸರೂ ಅತ್ತ ತಿರುಗಿದರು, ಪ್ರಮೀಳಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಯಾರೋ ಹಿಂದೆ ಕಿಸಕ್ಕೆಂದರು.

ಪ್ರಮೀಳಾಳ ಕಿವಿ ಕಾದುಹೋಯಿತು. ಮೂರು ತಿಂಗಳು ಬೆವರು ಸುರಿಸಿ ತಾನೇ ಮುದುಕಿಯ ಕಾಲಿಗೆ ಬಲ ತುಂಬಿ, ಆ ಕಾಲಲ್ಲೇ ಒದೆಸಿಕೊಂಡಳು. ಇವಳನ್ನು ನೆಲಕ್ಕೆ ಅಂಟಿಕೊಂಡಂತೆಯೇ ಬಿಟ್ಟಿದ್ದರೆ ಇವತ್ತು ಈ ಮಾತು ಬರುತ್ತಿರಲಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಮನೆಗೆ ಬಂದು ಗೋಡೆಯ ಹಾಳೆಯನ್ನು ಹರಿದು ಹಾಕಲು ಕೈಯೆತ್ತಿದಳು. ಅಂಟು ಗಟ್ಟಿಯಾಗಿತ್ತು, ಬೆರಳಿಗೆ ಸಿಗಲಿಲ್ಲ.

ಆದರೆ ಆಡಿದ ಜಂಬದ ಮಾತು ಪುಟ್ಟತಾಯಮ್ಮನನ್ನು ಸುಮ್ಮನೆ ಬಿಡಲಿಲ್ಲ. ನೋವೇ ಇಲ್ಲ ಎಂದು ಊರಿಗೆಲ್ಲ ಹೇಳಿದ ಮೇಲೆ ಅದನ್ನು ತೋರಿಸಬೇಕಲ್ಲ. ಮಾರನೆಯ ದಿನವೇ ಮಗನ ಕೈಯಿಂದ ಪಾತ್ರೆ ಕಿತ್ತುಕೊಂಡು ಕೊಟ್ಟಿಗೆಗೆ ಹೋದಳು, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹಾಳೆಯ ಎರಡನೆಯ ಸಾಲಿನಲ್ಲೇ ಬೇಡವೆಂದು ಬರೆದದ್ದು ಅದು. ಸ್ಟೂಲಾದರೂ ಹಾಕಿಕೊಳ್ಳಿ ಎಂದು ರವೀಂದ್ರ ಅಂದದ್ದಕ್ಕೆ, ಸ್ಟೂಲಿನ ಮೇಲೆ ಕೂತು ಕರೆಯಲು ತಾನೇನು ಪೇಟೆಯವಳೇ ಎಂದು ಕೇಳಿದಳು. ಸೊಸೆ ಹೇಳಿಕೊಡುವ ವ್ಯಾಯಾಮವೂ ಇನ್ನು ಬೇಡ ಎಂದುಬಿಟ್ಟಳು. ಪ್ರಮೀಳಾ ಸುತ್ತಿದ್ದ ಟವೆಲನ್ನು ಬಿಡಿಸಿ ಗೂಟಕ್ಕೆ ನೇತುಹಾಕಿದಳು.

ಹತ್ತನೇ ದಿನಕ್ಕೆ ಪುಟ್ಟತಾಯಮ್ಮ ಹಸುವಿನ ಪಕ್ಕದಿಂದ ಏಳುವಾಗ ಗೂಟ ಹಿಡಿದುಕೊಂಡಳು. ಹನ್ನೆರಡನೆಯ ದಿನ ಬಲಮಂಡಿ ಊದಿತು. ಅದನ್ನು ಸೀರೆಯ ಕೆಳಗೆ ಮುಚ್ಚಿಟ್ಟುಕೊಂಡಳು, ಕುಂಟುವುದು ಕಾಣಬಾರದೆಂದು ನಿಧಾನ ನಡೆದಳು. ಪ್ರಮೀಳಾಳಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ನೋವನ್ನು ಮುಚ್ಚಿಟ್ಟುಕೊಂಡು ನಡೆಯುವುದು ಹೇಗೆಂದು ಆ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಪ್ರಮೀಳಾ ತನ್ನ ಕೈಗೆಂದು ಇಟ್ಟುಕೊಂಡಿದ್ದ ಮುಲಾಮಿನ ಟ್ಯೂಬು ದಿನದಿನಕ್ಕೆ ಚಪ್ಪಟೆಯಾಗುತ್ತಿತ್ತು. ಹದಿಮೂರು ವರ್ಷದ ಹಿಂದೆ ತಿಪ್ಪೆಗೆ ಎಸೆದಿದ್ದಂಥದ್ದನ್ನೇ ಅತ್ತೆ ಈಗ ಕದ್ದು ಹಚ್ಚಿಕೊಳ್ಳುತ್ತಿದ್ದಳು.

ಒಂದು ಅವಕಾಶ ಕೊಡೋಣ ಎನ್ನಿಸಿತು ಪ್ರಮೀಳಾಳಿಗೆ. ಆಮೇಲೆ ಯಾರೂ ತನ್ನನ್ನು ಅನ್ನಬಾರದು, ತಾನೂ ತನ್ನನ್ನು ಅಂದುಕೊಳ್ಳಬಾರದು. ಮಂಡಿ ನೋಯುತ್ತಿದೆಯಾ ಎಂದು ಅತ್ತೆಯನ್ನು ಕೇಳಿದಳು.

"ಯಾವ ಮಂಡಿ? ನಂಗೇನಾಗದೆ?" ಎಂದಳು ಪುಟ್ಟತಾಯಮ್ಮ.

ಸರಿ ಎಂದಳು ಪ್ರಮೀಳಾ.

ಮುಲಾಮು ಹಚ್ಚಿದ ಕೈ ತೊಳೆದುಕೊಂಡೇ ಪುಟ್ಟತಾಯಮ್ಮ ಇಷ್ಟು ದಿನ ಕರೆಯುತ್ತಿದ್ದಳು. ಆ ಬೆಳಗ್ಗೆ ಮಾತ್ರ ಮಂಡಿ ಬಿಗಿದು ಮಂಚದಿಂದ ಇಳಿಯುವುದೇ ತಡವಾಯಿತು. ಡೈರಿಯ ಹೊತ್ತು ಮೀರುತ್ತಿತ್ತು. ಬಾಗಿಲ ಸಂದಿಯಲ್ಲಿ ಪ್ರಮೀಳಾ ನೋಡುತ್ತಿದ್ದಳು. ಅತ್ತೆ ಸೀರೆ ಎತ್ತಿಕೊಂಡು ಎರಡೂ ಮಂಡಿಗೆ ಮುಲಾಮು ತಿಕ್ಕಿಕೊಂಡಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಹಾಗೇ ಪಾತ್ರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಬಚ್ಚಲಲ್ಲಿ ಬಿಸಿನೀರು ಇತ್ತು, ಸೋಪು ಇತ್ತು. ಕೈ ತೊಳೆದುಕೊಳ್ಳಿ ಅತ್ತೆ ಎಂಬ ಮಾತು ಪ್ರಮೀಳಾಳ ಗಂಟಲಿನವರೆಗೆ ಬಂತು. ಅದನ್ನು ಅಲ್ಲೇ ನುಂಗಿದಳು. ಕೊಟ್ಟಿಗೆಯಲ್ಲಿ ಹಸು ಎರಡು ಸಲ ಕಾಲು ಝಾಡಿಸಿದ ಸದ್ದು ಕೇಳಿಸಿತು. ಅವಳು ಬೋಗುಣಿಯ ಬಿಸಿನೀರಿನಲ್ಲಿ ತನ್ನ ಕೈ ಅದ್ದಿಕೊಂಡು ನೆಮ್ಮದಿಯಾಗಿ ಕೂತಳು.

ಡೈರಿಯಲ್ಲಿ ಅವತ್ತು ಸಾಲು ಉದ್ದವಿತ್ತು. ಮುಂದೆ ಪುಟ್ಟತಾಯಮ್ಮ, ಹಿಂದೆ ಕ್ಯಾನು ನೇತುಹಾಕಿಕೊಂಡ ಪ್ರಮೀಳಾ, ಅವಳ ಹಿಂದೆ ಸಿದ್ದಲಿಂಗಮ್ಮ. ಧರ್ಮೇಂದ್ರನ ತಲೆಯಲ್ಲಿ ಈಗ ಅರ್ಧ ಕೂದಲು ನೆರೆತಿದ್ದವು. ಮೂಗು ಮಾತ್ರ ಹಾಗೆಯೇ ಇತ್ತು. ಪ್ರಮೀಳಾ ಮೇಜಿನ ಮೇಲಿಟ್ಟ ಕ್ಯಾನಿನ ಮುಚ್ಚಳ ತೆಗೆದ, ಬಗ್ಗಿದ, ಮುಖ ಹಿಂದಕ್ಕೆ ಎಳೆದುಕೊಂಡ. ಇನ್ನೊಂದು ಸಲ ಬಗ್ಗಿ ನೋಡಿ ಮುಚ್ಚಳ ಹಾಕಿದ. ಮುಲಾಮು, ಅಂದ. ವಾಪಸು ತಗೊಂಡು ಹೋಗಿ, ಅಂದ.

ಹದಿಮೂರು ವರ್ಷದ ಹಿಂದಿನದು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು. ಹಾಲು ಕರೆದವರು ಯಾರು ಎಂದು ಧರ್ಮೇಂದ್ರ ಕೇಳಿದ.

ಪುಟ್ಟತಾಯಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಹಳೆಯ ಚಾಳಿಯೇ ಅವಳ ಬಾಯಲ್ಲಿ ಮಾತಾಡಿತು.

"ಇನ್ಯಾರು? ನಮ್ ಸೊಸೆ ಕರ್ದಿದ್ದು. ಇವ್ಳ ಮುಲಾಮಿನ ಕಾಟ ನಂಗೆ ಮೊದ್ಲಿಂದ್ಲೂ ಇದ್ದದ್ದೇ."

ಪ್ರಮೀಳಾ ಇದನ್ನು ಎಣಿಸಿರಲಿಲ್ಲ. ಹಾಲು ವಾಪಸು ಬರುತ್ತದೆ, ಅತ್ತೆಯ ಮುಖ ಕೆಳಗಾಗುತ್ತದೆ, ಅಷ್ಟೇ ಅವಳು ಕಂಡಿದ್ದದ್ದು. ಇಂಥ ಸುಳ್ಳನ್ನು ಮುದುಕಿ ತಾನಾಗಿ ತಂದು ಅವಳ ಮುಂದೆ ಇಟ್ಟಳು. ಪ್ರಮೀಳಾ ಕ್ಯಾನನ್ನು ಮೇಜಿನಿಂದ ಕೆಳಗಿಳಿಸಿದಳು. ಎರಡೂ ಕೈಗಳನ್ನು ಧರ್ಮೇಂದ್ರನ ಮೇಜಿನ ಮೇಲೆ, ಬೆಳಕಿಗೆ, ಅಂಗೈ ಕೆಳಗಾಗಿ ಚಾಚಿದಳು. ಇಷ್ಟು ವರ್ಷ ಸೆರಗಿನೊಳಗೆ ಅಡಗಿಸಿಟ್ಟಿದ್ದ ಕೈಗಳು ಅವು. ಗೆಣ್ಣುಗಳು ಗುಡ್ಡೆಕಟ್ಟಿದ್ದವು, ನಾಲ್ಕು ಬೆರಳೂ ಒಂದೇ ಕಡೆಗೆ ವಾಲಿದ್ದವು, ಹೆಬ್ಬೆರಳು ಎದ್ದು ನಿಲ್ಲುವುದನ್ನೇ ಮರೆತಿತ್ತು.

"ನೋಡಿ ಧರ್ಮೇಂದ್ರಣ್ಣ. ಈ ಬೆಳ್ಳಲ್ಲಿ ನಾನು ಆಲು ಕರ್ದಿವ್ನಾ?"

ಧರ್ಮೇಂದ್ರ ನೋಡಿದ. ನೋಡಿ ಕಣ್ಣು ಬೇರೆ ಕಡೆಗೆ ತಿರುಗಿಸಿದ. ಸಿದ್ದಲಿಂಗಮ್ಮ ಕತ್ತು ಚಾಚಿ ನೋಡಿದವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆ ಕೈಯಲ್ಲಿ ಒಂದು ಲೋಟ ಹಿಡಿಯುವುದೇ ಕಷ್ಟವೆಂದು ಕಣ್ಣಿದ್ದ ಯಾರಿಗಾದರೂ ತಿಳಿಯುವಂತಿತ್ತು. ಎಲ್ಲರ ಕಣ್ಣೂ ನಿಧಾನವಾಗಿ ಪುಟ್ಟತಾಯಮ್ಮನ ಕಡೆಗೆ ತಿರುಗಿತು. ಅವಳು ಕೋಲು ಹಿಡಿದ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಆಸರೆ ತಪ್ಪಿ ಮಂಡಿ ಮುರಿದುಕೊಂಡಂತಾಗಿ ಮೇಜು ಹಿಡಿದು ನಿಂತಳು. ಮುಲಾಮಿನ ವಾಸನೆ ಎಲ್ಲರಿಗೂ ಬಂತು.

ಪ್ರಮೀಳಾ ಅವಳನ್ನು ಹಿಡಿದುಕೊಳ್ಳಲು ಹೋಗಲಿಲ್ಲ.

"ಯೋಳಿ ಅತ್ತೆ. ಯಾಕ್ ಅಚ್ಕಂಡ್ರಿ ಮುಲಾಮ?"

ಪುಟ್ಟತಾಯಮ್ಮ ಮೇಜಿನ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಆಲು ಕರಿಯೋದ ತಪ್ಪಿಸ್ಕಳಕ್ಕಾ? ಮೈಗಳ್ತನಕ್ಕಾ?"

"ಅಲ್ಲ" ಎಂದಳು ಪುಟ್ಟತಾಯಮ್ಮ. ಧ್ವನಿ ಕೆಳಗಿಳಿದಿತ್ತು. "ಮಂಡಿ ನೋಯ್ತಿತ್ತು. ತಡಿಯಕ್ಕಾಗ್ನಿಲ್ಲ."

"ಅವತ್ತು ನಾನ್ಯಾಕ್ ಅಚ್ಕಂಡಿದ್ದೆ?"

ಅಳತೆ ನಿಂತಿತ್ತು. ಹಿಂದೆ ಕ್ಯಾನು ಹಿಡಿದವರಿಗೂ ಅವಸರವಿರಲಿಲ್ಲ. ಮುದುಕಿ ಮೇಜಿನ ಮೇಲೆ ಇನ್ನೂ ಚಾಚಿಕೊಂಡೇ ಇದ್ದ ಆ ಎರಡು ಕೈಗಳನ್ನು ನೋಡಿದಳು. ಕಣ್ಣು ಇಡಲು ಅವಳಿಗೆ ಬೇರೆ ಜಾಗವಿರಲಿಲ್ಲ.

"ನಿಂದೂ ನೋವೇ ಕಣಮ್ಮಿ" ಎಂದಳು. "ನಾನೇ ಮೈಗಳ್ಳಿ ಅಂದ್ಬುಟ್ಟೆ. ಮಾತ್ರೇನೂ ಎಸ್ದೆ."

ಮಾತ್ರೆಯ ವಿಷಯ ಊರಿಗೆ ಗೊತ್ತಿರಲಿಲ್ಲ. ಅದನ್ನು ಯಾರೂ ಕೇಳದೆಯೇ ಹೇಳಿದಳು. ಸಾಲಿನಲ್ಲಿ ಗುಸುಗುಸು ಶುರುವಾಯಿತು. ಪ್ರಮೀಳಾ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಕ್ಯಾನನ್ನು ಮೊಣಕೈಗೆ ಏರಿಸಿದಳು. ಅವಳಿಗೆ ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು, ತುಂಬ ಸಂತೋಷವಾಯಿತು. ಸಿದ್ದಲಿಂಗಮ್ಮನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸಿದ್ದಲಿಂಗಮ್ಮ ಕಣ್ಣು ತಗ್ಗಿಸುವವರೆಗೂ ನೋಡಿ, ಆಮೇಲೆ ಹೊರಟಳು.

ಉದ್ದ ಬೀದಿಯಲ್ಲಿ ಇಬ್ಬರೂ ವಾಪಸು ಬಂದರು. ಭಾರ ಹೊರಬಾರದೆಂದು ಹಾಳೆಯಲ್ಲಿ ಬರೆದಿತ್ತು, ಅದಕ್ಕೇ ಕ್ಯಾನನ್ನು ಪ್ರಮೀಳಾ ಅತ್ತೆಯ ತಲೆಯ ಮೇಲೆ ಇಡಲಿಲ್ಲ. ಬೇರೆ ಕಾರಣವೇನೂ ಇರಲಿಲ್ಲ. ಪುಟ್ಟತಾಯಮ್ಮ ಕುಂಟುತ್ತ ಮುಂದೆ ನಡೆದಳು. ಜಗಲಿಗಳ ಮೇಲೆ ನಿಂತವರು ಕ್ಯಾನನ್ನೂ ನೋಡಿದರು, ಮುದುಕಿಯನ್ನೂ ನೋಡಿದರು. ಸುದ್ದಿ ಅವರಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಮನೆಗೆ ಬಂದು ಪ್ರಮೀಳಾ, ಹಾಲನ್ನು ತಿಪ್ಪೆಗೆ ನೀವೇ ಸುರಿಯಿರಿ ಎಂದು ಅತ್ತೆಯ ಕೈಗೆ ಕ್ಯಾನು ಕೊಟ್ಟಳು. ಪುಟ್ಟತಾಯಮ್ಮ ಸುರಿದಳು.

ಅವತ್ತು ಸಂಜೆ ಪ್ರಮೀಳಾ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಹದಿಮೂರು ವರ್ಷ ಕಾದ ಮಾತು ಬಂದಿತ್ತು, ಕೇಳಬೇಕಾದವರೆಲ್ಲ ಕೇಳಿದ್ದರು. ಒಂದು ಬೆರಳೂ ನೆಟ್ಟಗಾಗಿರಲಿಲ್ಲ. ವಾರದ ಮಾತ್ರೆಯ ದಿನ ಅದು. ಮಾತ್ರೆ ನುಂಗಿ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಳು.

ಬೆಳಗ್ಗೆ ಎದ್ದು ಒಲೆಯ ಮೇಲೆ ಸಾರಿಗಿಟ್ಟು ಅತ್ತೆಯ ಮಂಚದ ಹತ್ತಿರ ಹೋದಳು. ಕೈಯಲ್ಲಿ ಸುತ್ತಿದ ಟವೆಲು ಇತ್ತು. ಪುಟ್ಟತಾಯಮ್ಮ ಅದನ್ನು ನೋಡಿದಳು.

"ಎಲ್ರ ಮುಂದೆ ಯೋಳಾಯ್ತಲ್ಲಮ್ಮಿ. ಇನ್ನೂ ತೀರ್ನಿಲ್ವಾ ನಿನ್ ಸೇಡು?"

"ನೀವು ಎರಡು ವರ್ಸ ನನ್ ಮಾತ್ರೆ ತಪ್ಪಿಸಿದ್ರಿ. ನಾನು ಸುರು ಮಾಡಿ ನಾಕು ತಿಂಗ್ಳಾಯ್ತು. ಇನ್ನಾ ಇಪ್ಪತ್ ತಿಂಗ್ಳು ಐತೆ. ಎತ್ತಿ ಕಾಲ."

ಪುಟ್ಟತಾಯಮ್ಮ ಅಂಗಾತ ಮಲಗಿ, ಹಲ್ಲು ಕಚ್ಚಿ, ಕಾಲು ಎತ್ತಿದಳು.

"ಎಣ್ಸು" ಎಂದಳು. "ಏಳಾದ್ಮೇಲೆ ಒಲೆತಾವ್ ಓಗ್ಬ್ಯಾಡ."

ಪ್ರಮೀಳಾ ಎಣಿಸಿದಳು. ಏಳು ಎಂದು ಹೇಳಿ, ಎದ್ದು, ಸಾರಿಗೆ ಉಪ್ಪು ಹಾಕಲು ಹೋದಳು.